ಲಂಗರು ಅರ್ಧ ನಿಮಿಷದಲ್ಲಿ ನೀರಿಗೆ ಬೀಳಬೇಕು

ಫೆಬ್ರವರಿಯ ಒಂದು ಮಧ್ಯಾಹ್ನ. ಗೋವಾದಿಂದ ಹೊರಟ ನಮ್ಮ 30 ಅಡಿಯ ಹಾಯಿದೋಣಿ ಕಾರವಾರದ ಹತ್ತಿರ ಬಂದಿತ್ತು. ಕಾಳಿ ನದಿ ಕಡಲು ಸೇರುವ ಜಾಗ. ದೇವಬಾಗದ ಗಾಳಿಮರಗಳು ಒಂದೊಂದಾಗಿ ಎಣಿಸುವಷ್ಟು ಸ್ಪಷ್ಟವಾಗಿ ಕಾಣುತ್ತಿದ್ದವು. ಹಾಯಿ ಇಳಿಸಿ ಎಂಜಿನ್ ಹಾಕಿಕೊಂಡಿದ್ದೆವು. ಅಷ್ಟರಲ್ಲಿ ನೀರಲ್ಲಿ ತೇಲುತ್ತಿದ್ದ ಹರಕು ಬಲೆಯೊಂದು ಪ್ರೊಪೆಲ್ಲರ್‌ಗೆ ಸುತ್ತಿಕೊಂಡು ಎಂಜಿನ್ ನಿಂತುಹೋಯಿತು. ಕಡಲ ಕಡೆಯಿಂದ ಬೀಸುವ ಗಾಳಿ ದೋಣಿಯನ್ನು ದಡದತ್ತ ತಳ್ಳತೊಡಗಿತು.

'ಲಂಗರು ಬಿಡು' ಎಂದು ಚುಕ್ಕಾಣಿ ಹಿಡಿದಿದ್ದ ಗೆಳೆಯ ಕೂಗಿದ. ನಾನು ದೋಣಿಯ ಮುಂತುದಿಗೆ, ಅಂದರೆ ಮೂತಿಗೆ ಓಡಿದೆ. ಲಂಗರನ್ನು ನಾಲ್ಕು ಕಡೆ ಹಗ್ಗದಿಂದ ಬಿಗಿದಿದ್ದೆವು. ಉಪ್ಪುನೀರು ಕುಡಿದು ಗಂಟುಗಳು ಕಲ್ಲಾಗಿದ್ದವು. ಹೇಗೋ ಬಿಚ್ಚಿ ಬಿಟ್ಟರೆ ಸರಪಳಿ ಎರಡು ಮೀಟರ್ ಇಳಿದು ಟಕ್ ಎಂದು ನಿಂತಿತು. ಒಳಗೆ ಸಿಕ್ಕು ಬಿದ್ದಿತ್ತು. ಕೊನೆಗೆ ಲಂಗರು ತಳ ಮುಟ್ಟುವಾಗ ಆರು ನಿಮಿಷ ಕಳೆದಿತ್ತು, ದೋಣಿ ಸುಮಾರು ಇನ್ನೂರು ಮೀಟರ್ ಸರಿದಿತ್ತು. ಅವತ್ತು ದಡಕ್ಕೂ ನಮಗೂ ನಡುವೆ ಅಷ್ಟು ಜಾಗ ಇತ್ತು, ಅದಕ್ಕೇ ಉಳಿದೆವು.

ಗೋವಾದಲ್ಲಿ ಕಟ್ಟಿದ 'ತಾರಿಣಿ' ದೋಣಿಯಲ್ಲಿ ನೌಕಾಪಡೆಯ ಆರು ಮಹಿಳಾ ಅಧಿಕಾರಿಗಳು 2017-18ರಲ್ಲಿ ಲೋಕ ಸುತ್ತಿ ಬಂದರಲ್ಲ, ಆಮೇಲೆ ಹಾಯಿದೋಣಿ ಕಲಿಯುವ ಆಸೆಯಿಂದ ನನ್ನನ್ನು ಮಾತಾಡಿಸುವವರು ಹಲವರಿದ್ದಾರೆ. ಎಲ್ಲರೂ ಹಾಯಿಯ ಬಗ್ಗೆಯೇ ಕೇಳುತ್ತಾರೆ. ನಾನು ಅವರನ್ನು ಮೊದಲು ಮೂತಿಗೆ ಕರೆದುಕೊಂಡು ಹೋಗಿ ಲಂಗರು ತೋರಿಸುತ್ತೇನೆ. ನಡುಗಡಲಲ್ಲಿ ಸಾವಿರಾರು ಮೀಟರ್ ಆಳ, ಅಲ್ಲಿ ಲಂಗರಿಗೆ ಕೆಲಸವಿಲ್ಲ. ದಡ ಹಿಡಿದು ಊರಿಂದೂರಿಗೆ ಹೋಗುವ ನಮ್ಮಂಥವರಿಗೆ ದೋಣಿಯಲ್ಲಿರುವ ಬ್ರೇಕ್ ಅದೊಂದೇ. ಕತ್ತಲಲ್ಲಿ, ಒಬ್ಬರೇ, ಅರ್ಧ ನಿಮಿಷದೊಳಗೆ ಬಿಡುವಂತಿರಬೇಕು. ಅದಕ್ಕೆ ಬೇಕಾದ ತಯಾರಿಯನ್ನು ನಾನು ಸರಪಳಿಯ ಬಾಲದಿಂದ ಶುರು ಮಾಡುತ್ತೇನೆ.

ಸರಪಳಿಯ ಬಾಲ ಎಲ್ಲಿದೆ?

ಲಂಗರಿನ ಸರಪಳಿ ಮೂತಿಯ ಕೆಳಗಿನ ಗೂಡಿನಲ್ಲಿರುತ್ತದೆ. ಅದರ ಕೊನೆಯ ಕೊಂಡಿ ದೋಣಿಗೆ ಕಟ್ಟಿದೆಯಾ? ಗೂಡು ಪೂರ್ತಿ ಖಾಲಿ ಮಾಡಿ ಕಣ್ಣಾರೆ ನೋಡಿ. ಕಟ್ಟದೇ ಇದ್ದರೆ ಗಾಬರಿಯಲ್ಲಿ ಬಿಟ್ಟ ಸರಪಳಿ ಲಂಗರಿನ ಸಮೇತ ಕಡಲ ಪಾಲಾಗುತ್ತದೆ.

ಕೆಲವರು ಅದನ್ನು ಉಕ್ಕಿನ ಶ್ಯಾಕಲ್ (ಪಿನ್ ತಿರುಗಿಸಿ ಮುಚ್ಚುವ U ಆಕಾರದ ಕೊಂಡಿ) ಹಾಕಿ ಗೋಡೆಯ ಬಳೆಗೆ ಬಿಗಿಯುತ್ತಾರೆ. ಅದೂ ತಪ್ಪು. ರಾತ್ರಿ ಇನ್ನೊಂದು ದೋಣಿ ತೇಲಿಬಂದು ಮೇಲೆ ಬೀಳುವಂತಾದರೆ ಲಂಗರು ಬಿಟ್ಟು ಓಡಬೇಕಾಗುತ್ತದೆ. ಎಳೆತದಲ್ಲಿರುವ ಶ್ಯಾಕಲ್ ಬಿಚ್ಚಲು ಆಗುವುದಿಲ್ಲ. ಆದ್ದರಿಂದ 8 ಮಿಲಿಮೀಟರ್ ದಪ್ಪದ ನೈಲಾನ್ ಹಗ್ಗವನ್ನು ನಾಲ್ಕೈದು ಸುತ್ತು ಹಾಕಿ ಕಟ್ಟಿ. ಸರಪಳಿ ಪೂರ್ತಿ ಹೊರಗೆ ಹೋದಾಗ ಈ ಹಗ್ಗ ದೋಣಿಯ ಅಟ್ಟದ (ಡೆಕ್) ಮೇಲೆ ಕಾಣುವಷ್ಟು ಉದ್ದ ಇರಬೇಕು. ಆಗ ಒಂದೇ ಏಟಿಗೆ ಕೊಯ್ಯಬಹುದು. ಕೊಯ್ಯುವ ಚಾಕು ಅಲ್ಲೇ ಹತ್ತಿರ ಇರಲಿ, ಅಡುಗೆಮನೆಯಲ್ಲಿ ಬೇಡ.

ಗೂಡಿನೊಳಗಿನ ಗುಡ್ಡ

ನಮ್ಮ ಸರಪಳಿ ಸಿಕ್ಕಿಕೊಂಡಿದ್ದು ಹೇಗೆ ಅಂತ ಆಮೇಲೆ ಟಾರ್ಚ್ ಹಿಡಿದು ನೋಡಿದೆ. ಲಂಗರು ಎತ್ತುವಾಗ ಸರಪಳಿ ಒಂದೇ ತೂತಿನಿಂದ ಕೆಳಗೆ ಬೀಳುತ್ತದೆ. ಕಣದಲ್ಲಿ ಸುರಿದ ಭತ್ತದ ರಾಶಿಯ ಹಾಗೆ ಚೂಪಾಗಿ ಗುಡ್ಡ ಕಟ್ಟುತ್ತದೆ. ದೋಣಿ ಅಲೆಯಲ್ಲಿ ವಾಲಿದಾಗ ಆ ಗುಡ್ಡ ಮಗುಚುತ್ತದೆ. ಮೇಲಿದ್ದ ಸುತ್ತುಗಳು ಅಡಿಗೆ ಹೋಗುತ್ತವೆ, ಅಡಿಯ ಸುತ್ತುಗಳು ಅವುಗಳ ಮೇಲೆ ಮಲಗುತ್ತವೆ. ಆಮೇಲೆ ಎಳೆದರೆ ಬರುವುದು ಒಂದು ಎಳೆಯಲ್ಲ, ಇಡೀ ಗಂಟು. ಅದು ತೂತಿನ ಬಾಯಿಗೆ ಬಂದು ಕಚ್ಚಿಕೊಳ್ಳುತ್ತದೆ. ತುಕ್ಕು ಹಿಡಿದ ಸರಪಳಿ ಜಾರುವುದಿಲ್ಲವಾದ್ದರಿಂದ ಅದರ ಗುಡ್ಡ ಇನ್ನೂ ಎತ್ತರ.

ಪರಿಹಾರ ಸುಲಭ. ಲಂಗರು ಎತ್ತುವಾಗ ಪ್ರತಿ ಹತ್ತು ಮೀಟರ್‌ಗೊಮ್ಮೆ ನಿಲ್ಲಿಸಿ ಗುಡ್ಡವನ್ನು ಕೋಲಿನಿಂದ ಬೀಳಿಸಿ ಹರಡಿ. ಸರಪಳಿ ಎತ್ತುವ ಯಂತ್ರ, ಅಂದರೆ ವಿಂಡ್‌ಲಾಸ್ ತಿರುಗುತ್ತಿರುವಾಗ ಮಾತ್ರ ಗೂಡಿಗೆ ಕೈ ಹಾಕಬೇಡಿ, ಬೆರಳು ಹೋಗುತ್ತದೆ. ಬಂದರು ಬಿಡುವ ಮೊದಲು ಮತ್ತೊಮ್ಮೆ ಐದು ಮೀಟರ್ ಮೇಲಕ್ಕೆ ಎಳೆದು ನೋಡಿ, ಸರಾಗವಾಗಿ ಬಂದರೆ ಸರಿ. ಮತ್ತೆ, ಗೂಡಿನ ಮೇಲೆ ಫೆಂಡರ್ (ದೋಣಿಯ ಮೈ ಉಜ್ಜದಂತೆ ಪಕ್ಕಕ್ಕೆ ಇಳಿಬಿಡುವ ಮೆತ್ತೆ), ಬಕೆಟ್, ಒದ್ದೆ ಹಾಯಿಚೀಲ ತುರುಕುವ ಅಭ್ಯಾಸ ಬಿಡಿ. ಜಾಗ ಇದೆ ಅಂತ ಎಲ್ಲರೂ ಅಲ್ಲೇ ತುಂಬುತ್ತಾರೆ.

ಇದೇ ಹೊತ್ತಿನಲ್ಲಿ ಸರಪಳಿಗೆ ಅಳತೆಯ ಗುರುತು ಹಾಕಿಕೊಳ್ಳಿ. ಬಣ್ಣ ಬೇಗ ಸವೆಯುತ್ತದೆ. ಬಣ್ಣದ ಜೊತೆಗೆ ಪ್ಲಾಸ್ಟಿಕ್ ಕೇಬಲ್ ಟೈ ಹಾಕಿದರೆ ಒಳ್ಳೆಯದು: 10 ಮೀಟರ್‌ಗೆ ಒಂದು, 20ಕ್ಕೆ ಎರಡು, 30ಕ್ಕೆ ಮೂರು. ಕತ್ತಲಲ್ಲಿ ಬೆರಳಿಂದಲೇ ಲೆಕ್ಕ ಸಿಗುತ್ತದೆ.

ಲಂಗರು ಮತ್ತು ಅದರ ಕೊಂಡಿ

ಲಂಗರು ಹಿಡಿಯುವುದು ಬರೀ ಭಾರದಿಂದ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಅದು ನೆಲಕ್ಕೆ ಊರಿಕೊಂಡು ಹಿಡಿಯುತ್ತದೆ. ಕನ್ನಡಿಗ ಪುರಾತತ್ವಜ್ಞ ಎಸ್. ಆರ್. ರಾವ್ ಅವರ ತಂಡ 1980ರ ದಶಕದಲ್ಲಿ ದ್ವಾರಕೆಯ ಕಡಲಲ್ಲಿ ಕಲ್ಲಿನ ಲಂಗರುಗಳನ್ನು ಪತ್ತೆ ಮಾಡಿತ್ತು. ಅವುಗಳಲ್ಲಿ ಮೂರು ತೂತಿನವು ಇದ್ದವು. ಮೇಲಿನ ತೂತು ಹಗ್ಗಕ್ಕೆ, ಕೆಳಗಿನ ಎರಡು ಮರದ ಗೂಟಗಳಿಗೆ. ಅಷ್ಟು ಭಾರದ ಕಲ್ಲಿಗೂ ನೆಲ ಕಚ್ಚಲು ಹಲ್ಲು ಬೇಕಾಗಿತ್ತು ನೋಡಿ.

ಮರಾಠಿಯಲ್ಲಿ ನೇಗಿಲಿಗೂ ಲಂಗರಿಗೂ ಒಂದೇ ಹೆಸರು, ನಾಂಗರ. ಕಾರವಾರದ ಕಡೆಯವರಿಗೆ ಈ ಮಾತು ಹೊಸದಲ್ಲ. ಬ್ರಿಟನ್ನಿನ ವಿಜ್ಞಾನಿ ಜಿ. ಐ. ಟೇಲರ್ ತನ್ನ ಹಾಯಿದೋಣಿಗಾಗಿ ಯೋಚಿಸಿ 1933ರಲ್ಲಿ ಹೊರತಂದ 'ಸಿಕ್ಯುಆರ್' ಲಂಗರು ನಿಜಕ್ಕೂ ನೇಗಿಲಿನ ಆಕಾರದ್ದೇ. ಹಗುರವಾಗಿದ್ದರೂ ಚೆನ್ನಾಗಿ ಊರುತ್ತದೆ. ಆದರೆ ಮೆತ್ತನೆ ಕೆಸರಿನಲ್ಲಿ ಅಗಲವಾದ ಚಪ್ಪಟೆ ರೆಕ್ಕೆಗಳ ಡ್ಯಾನ್‌ಫೋರ್ತ್ ಜಾತಿಯದೋ, ಸಲಿಕೆಯ ಹಾಗೆ ತಗ್ಗಾದ ಹೊಸ ಕಾಲದ್ದೋ ಮೇಲು. ನಮ್ಮ ಕರಾವಳಿಯಲ್ಲಿ ಕೆಸರೇ ಜಾಸ್ತಿ. 30 ಅಡಿಯ ದೋಣಿಗೆ 10ರಿಂದ 15 ಕಿಲೋ ತೂಕದ್ದು ಬೇಕು. 8 ಮಿಲಿಮೀಟರ್ ಸರಪಳಿ ಮೀಟರ್‌ಗೆ ಸುಮಾರು 1.4 ಕಿಲೋ ತೂಗುತ್ತದೆ. 50 ಮೀಟರ್ ಅಂದರೆ 70 ಕಿಲೋ.

ಇಷ್ಟೆಲ್ಲ ಭಾರ ಸೇರುವುದು ಒಂದು ಪುಟ್ಟ ಶ್ಯಾಕಲ್‌ನಲ್ಲಿ. ಅದರ ಪಿನ್ ಕೈಯಿಂದ ತಿರುಗಿಸಿ ಬಿಡಬೇಡಿ, ಸ್ಪ್ಯಾನರ್ ಹಾಕಿ ಬಿಗಿ ಮಾಡಿ. ಆಮೇಲೆ ಪಿನ್ನಿನ ತಲೆಯಲ್ಲಿರುವ ಸಣ್ಣ ತೂತಿಗೆ ತುಕ್ಕು ಹಿಡಿಯದ ತಂತಿ ತೂರಿಸಿ, ಶ್ಯಾಕಲ್‌ನ ತೋಳಿಗೆ ಎರಡು ಮೂರು ಸುತ್ತು ಹಾಕಿ ತಿರುಚಿ. ತಂತಿಯ ತುದಿ ಒಳಕ್ಕೆ ಮಡಚಿ, ಇಲ್ಲದಿದ್ದರೆ ಅಂಗೈ ಹರಿಯುತ್ತದೆ. ರಾತ್ರಿಯಿಡೀ ದೋಣಿ ಅತ್ತಿತ್ತ ತಿರುಗುತ್ತಾ ಇರುತ್ತದೆ. ತಂತಿ ಇಲ್ಲದ ಪಿನ್ ಒಂದೊಂದೇ ಸುತ್ತು ಸಡಿಲವಾಗುತ್ತಾ ಬಂದು ಒಂದು ದಿನ ಕಳಚುತ್ತದೆ.

ಮೂತಿಯಲ್ಲಿ ಎಷ್ಟು ಬಿಗಿಯಬೇಕು?

ಎಲ್ಲ ಹೊತ್ತಿಗೂ ಒಂದೇ ಬಿಗಿ ಬೇಡ. ನಾನು ಮೂರು ಸ್ಥಿತಿ ಇಟ್ಟುಕೊಂಡಿದ್ದೇನೆ. ಹೊರಗಡಲಲ್ಲಿರುವಾಗ ಲಂಗರಿನ ತೋಳಿಗೆ ಅಡ್ಡಪಿನ್, ಸರಪಳಿಗೆ ತಡೆಕೊಕ್ಕೆ, ಜೊತೆಗೆ ಒಂದು ಹಗ್ಗದ ಕಟ್ಟು. ಕಟ್ಟು ಬೇಕೇ ಬೇಕು, ಯಾಕೆಂದರೆ ಅಲೆ ಕೆಳಗಿನಿಂದ ಗುದ್ದಿದರೆ ಲಂಗರು ತಾನು ಕೂತಿರುವ ರೋಲರ್‌ನಿಂದ ಎದ್ದು ದೋಣಿಯ ಮೈಯನ್ನೇ ಬಡಿಯುತ್ತದೆ. ದಡ ಹತ್ತಿರವಾಗಿ, ಆಳ 20 ಮೀಟರ್‌ಗಿಂತ ಕಡಿಮೆ ಆಗುತ್ತಿದ್ದಂತೆ ಹಗ್ಗದ ಕಟ್ಟು ಬಿಚ್ಚುತ್ತೇನೆ. ನದಿಯ ಬಾಯಿ, ಬಂದರಿನ ದಾರಿ, ಬಂಡೆಗಳ ನಡುವೆ ಹೋಗುವಾಗ ಅಡ್ಡಪಿನ್ ಕೂಡ ತೆಗೆದು ತಡೆಕೊಕ್ಕೆ ಮಾತ್ರ ಉಳಿಸುತ್ತೇನೆ. ಎಂಜಿನ್ ಚೆನ್ನಾಗಿ ಓಡುತ್ತಿದ್ದರೂ ಸರಿ, ಇದನ್ನು ತಪ್ಪಿಸುವುದಿಲ್ಲ.

ಹಗ್ಗ ಕಟ್ಟುವಾಗ ಶೂ ಲೇಸಿನ ಹಾಗೆ ತುದಿ ಎಳೆದರೆ ಬಿಚ್ಚುವ ಗಂಟು ಹಾಕಿ. ಒಂದೇ ಒಂದು. ನಮ್ಮ ದೋಣಿಯಲ್ಲಿ ಆ ನಾಲ್ಕು ಕಟ್ಟುಗಳ ಜಾಗದಲ್ಲಿ ಈಗ ಕೆಂಪು ಹಗ್ಗದ ಒಂದು ಕಟ್ಟು ಇದೆ.

ವಿಂಡ್‌ಲಾಸ್ ಇದ್ದವರಿಗೆ ಎರಡು ಮಾತು. ಅದು ಎತ್ತಲು ಇರುವ ಯಂತ್ರ, ಭಾರ ಹೊತ್ತು ನಿಲ್ಲಲು ಅಲ್ಲ. ಭಾರ ತಡೆಕೊಕ್ಕೆಯ ಮೇಲಿರಲಿ. ಎರಡನೆಯದು, ಕರೆಂಟ್ ಇಲ್ಲದೆಯೂ ಅದರ ಕ್ಲಚ್ ಸಡಿಲಿಸಿದರೆ ಸರಪಳಿ ತಾನೇ ಇಳಿಯುತ್ತದೆ. ಕ್ಲಚ್ ತಿರುಗಿಸುವ ಹಿಡಿಕೆಗೆ ಒಂದು ಖಾಯಂ ಜಾಗ ಮಾಡಿ. ಅದು ಎಲ್ಲಿದೆ ಅಂತ ದೋಣಿಯಲ್ಲಿರುವ ಪ್ರತಿಯೊಬ್ಬರಿಗೂ ಗೊತ್ತಿರಬೇಕು, ಮಕ್ಕಳಿಗೂ.

ಎಷ್ಟು ಸರಪಳಿ ಬಿಡಬೇಕು?

ಆಳದ ಐದು ಪಟ್ಟು ಅಂತ ಎಲ್ಲರೂ ಹೇಳುತ್ತಾರೆ. ಯಾವ ಆಳ ಅನ್ನುವಲ್ಲಿ ಎಡವುತ್ತಾರೆ. ಇಳಿತದ ಹೊತ್ತಲ್ಲಿ ನೀರು 4 ಮೀಟರ್ ಇದೆ ಅಂದುಕೊಳ್ಳಿ. ಮೂತಿ ನೀರಿನಿಂದ 1 ಮೀಟರ್ ಮೇಲಿದೆ. ಕಾರವಾರದಲ್ಲಿ ಅಮಾವಾಸ್ಯೆ ಹುಣ್ಣಿಮೆಯ ಸುಮಾರಿಗೆ ಭರತಕ್ಕೆ ನೀರು ಹತ್ತಿರ ಹತ್ತಿರ 2 ಮೀಟರ್ ಏರುತ್ತದೆ. ಒಟ್ಟು 7 ಮೀಟರ್. ಅದರ ಐದು ಪಟ್ಟು 35. ಗಾಳಿ ಜೋರಿದ್ದರೆ ಏಳು ಪಟ್ಟು, 49. ಬರೀ 4 ಮೀಟರ್ ಲೆಕ್ಕ ಹಿಡಿದು 20 ಬಿಟ್ಟವರಿಗೆ ಭರತದ ಹೊತ್ತಿಗೆ ಮೂರು ಪಟ್ಟೂ ಉಳಿಯುವುದಿಲ್ಲ. ಆಗ ಸರಪಳಿ ಲಂಗರನ್ನು ಅಡ್ಡಲಾಗಿ ಎಳೆಯುವ ಬದಲು ಮೇಲಕ್ಕೆ ಎತ್ತುತ್ತದೆ. ಮೇಲಕ್ಕೆ ಎತ್ತಿದ ನೇಗಿಲು ಮಣ್ಣು ಹಿಡಿಯುತ್ತದಾ?

ಬಿಡುವ ಕ್ರಮ ಹೀಗೆ. ಮೂತಿಯನ್ನು ಗಾಳಿಗೆ ಮುಖ ಮಾಡಿ ದೋಣಿ ಪೂರ್ತಿ ನಿಲ್ಲಲಿ. ಲಂಗರು ತಳ ಮುಟ್ಟುವವರೆಗೆ ಮಾತ್ರ ಇಳಿಸಿ. ದೋಣಿ ಹಿಂದಕ್ಕೆ ಸರಿಯತೊಡಗಿದ ಮೇಲೆ ಉಳಿದದ್ದನ್ನು ಸ್ವಲ್ಪ ಸ್ವಲ್ಪವಾಗಿ ಬಿಡಿ. ಒಂದೇ ಸಲ ಸುರಿದರೆ ಸರಪಳಿ ಲಂಗರಿನ ಮೇಲೇ ಬಿದ್ದು ಸುತ್ತಿಕೊಳ್ಳುತ್ತದೆ. ಬೇಕಾದಷ್ಟು ಬಿಟ್ಟ ಮೇಲೆ ಎಂಜಿನ್ ಹಿಂದಕ್ಕೆ ಹಾಕಿ ನಿಧಾನಕ್ಕೆ ಜೋರು ಮಾಡಿ. ದಡದ ಮೇಲೆ ಒಂದರ ಹಿಂದೆ ಒಂದು ಇರುವ ಎರಡು ಗುರುತು ನೋಡಿಕೊಳ್ಳಿ, ಒಂದು ತೆಂಗಿನಮರ, ಅದರ ಹಿಂದೆ ಒಂದು ಮನೆ. ಅವೆರಡೂ ಒಂದೇ ಸಾಲಲ್ಲಿ ಉಳಿದರೆ ಲಂಗರು ಹಿಡಿದಿದೆ. ಆಮೇಲೆ ಏಳೆಂಟು ಮೀಟರ್ ನೈಲಾನ್ ಹಗ್ಗವನ್ನು ಕೊಕ್ಕೆಯಿಂದ ಸರಪಳಿಗೆ ಸಿಕ್ಕಿಸಿ ದೋಣಿಯ ಗೂಟಕ್ಕೆ ಕಟ್ಟಿ. ನೈಲಾನ್ ಹಿಗ್ಗುತ್ತದೆ, ಅಲೆಯ ಜಗ್ಗಾಟ ಅದು ತಿನ್ನುತ್ತದೆ.

ಎಂಜಿನ್ ಸತ್ತು ಹಾಯಿಯಲ್ಲೇ ಬಿಡಬೇಕಾದರೆ ಮುಂದಿನ ಹಾಯಿ ಮೊದಲು ಇಳಿಸಿ, ಆದರೆ ಅದು ಲಂಗರಿನ ಮೇಲೆ ಬೀಳದಂತೆ ಪಕ್ಕಕ್ಕೆ ಕಟ್ಟಿ.

ಮಧ್ಯಾಹ್ನದ ಗಾಳಿ, ರಾತ್ರಿಯ ಗಾಳಿ

ನಮ್ಮ ಕರಾವಳಿಯಲ್ಲಿ ನವೆಂಬರ್‌ನಿಂದ ಬೇಸಿಗೆಯವರೆಗೆ ಮಧ್ಯಾಹ್ನ ಕಡಲ ಗಾಳಿ, ರಾತ್ರಿ ಮತ್ತು ಬೆಳಗಿನ ಜಾವ ಘಟ್ಟದ ಕಡೆಯಿಂದ ನೆಲದ ಗಾಳಿ. ದೋಣಿ ದಿನಕ್ಕೆರಡು ಸಲ ಲಂಗರಿನ ಸುತ್ತ ಪೂರ್ತಿ ತಿರುಗಿ ನಿಲ್ಲುತ್ತದೆ. ಬೆಳಿಗ್ಗೆ ಬಂದು ನೆಲದ ಗಾಳಿಯಲ್ಲಿ ಲಂಗರು ಹಾಕಿದವರು ಹುಷಾರಾಗಿರಬೇಕು. ಆಗ ದೋಣಿ ಲಂಗರಿಂದ ಕಡಲ ಕಡೆಗೆ, ಆಳದಲ್ಲಿ ನಿಂತಿರುತ್ತದೆ. ಮಧ್ಯಾಹ್ನ ಗಾಳಿ ತಿರುಗಿದರೆ ಅದೇ ದೋಣಿ 35 ಮೀಟರ್ ಸರಪಳಿಯ ಆ ತುದಿಯಿಂದ ಈ ತುದಿಗೆ, ಅಂದರೆ 70 ಮೀಟರ್‌ನಷ್ಟು ದಡದತ್ತ ಬರುತ್ತದೆ. ಅಲ್ಲಿ ನೀರು ಎಷ್ಟಿದೆ ಅಂತ ಬೆಳಿಗ್ಗೆಯೇ ಅಳೆದಿಟ್ಟುಕೊಳ್ಳಿ. ಗಾಳಿ ತಿರುಗಿದ ಮೇಲೆ ಲಂಗರು ಮತ್ತೆ ಊರಿದೆಯಾ ಅಂತ ದಡದ ಗುರುತು ನೋಡಿ ಖಚಿತ ಮಾಡಿಕೊಳ್ಳಿ.

ಲಂಗರು ಹಾಕಿ ನಿಂತಾಗ ಹಗಲು ಮೂತಿಯ ಕಡೆ ಕಪ್ಪು ಚೆಂಡು, ರಾತ್ರಿ ಎಲ್ಲ ಕಡೆಯಿಂದ ಕಾಣುವ ಬಿಳಿ ದೀಪ. ಮೀನುಗಾರರ ಬೋಟುಗಳು ಕತ್ತಲಿರುವಾಗಲೇ ಹೊರಡುತ್ತವೆ, ದೀಪ ಆರಿಸಬೇಡಿ.

ಹಿಂಭಾಗದಲ್ಲಿ ಎರಡನೇ ಲಂಗರು ಇರಲಿ. ಹಗುರವಾದ ಡ್ಯಾನ್‌ಫೋರ್ತ್ ಜಾತಿಯದು, ಜೊತೆಗೆ ಕೆಲವು ಮೀಟರ್ ಸರಪಳಿ ಮತ್ತು 50 ಮೀಟರ್ ನೈಲಾನ್ ಹಗ್ಗ. ಹಗ್ಗವನ್ನು ಸುರುಳಿ ಸುತ್ತಬೇಡಿ. ತುದಿಯಿಂದ ಸುಮ್ನೆ ಚೀಲದೊಳಗೆ ತುರುಕುತ್ತಾ ಹೋಗಿ, ಕೊನೆಗೆ ತುರುಕಿದ್ದು ಮೊದಲು ಎಂಬಂತೆ ಸಿಕ್ಕಿಲ್ಲದೆ ಹೊರಗೆ ಬರುತ್ತದೆ. ಎಂಜಿನ್ ಸತ್ತಾಗ ಚುಕ್ಕಾಣಿ ಬಿಡದೆ ಕೂತಲ್ಲಿಂದಲೇ ಎಸೆಯಲು ಆಗುವುದು ಇದೊಂದೇ.

ತಿಂಗಳಿಗೊಮ್ಮೆ ಕತ್ತಲಲ್ಲಿ ಟಾರ್ಚ್ ಇಲ್ಲದೆ ಬಿಡುವ ಅಭ್ಯಾಸ ಮಾಡಿ, ಗಡಿಯಾರ ಹಿಡಿದು. ಮಳೆಗಾಲದಲ್ಲಿ ದೋಣಿ ದಡಕ್ಕೆ ಎಳೆದಾಗ ಸರಪಳಿ ಪೂರ್ತಿ ಹೊರಗೆ ಹಾಸಿ ಸಿಹಿನೀರಲ್ಲಿ ತೊಳೆಯಿರಿ. ತುದಿ ಅದಲು ಬದಲು ಮಾಡಿ ಹಾಕಿದರೆ ಗೂಡಿನಲ್ಲೇ ಉಳಿದು ಸವೆಯದ ಭಾಗ ಲಂಗರಿನ ಕಡೆಗೆ ಬರುತ್ತದೆ.

ಇನ್ನು, ಲಂಗರು ಮೇಲೆ ಬಂದಾಗ ತೊಳೆಯುವ ಮೊದಲು ಅದಕ್ಕೆ ಅಂಟಿದ ಮಣ್ಣನ್ನು ಬೆರಳಲ್ಲಿ ಉಜ್ಜಿ ನೋಡಿ. ಜಿಗುಟಾದ ಬೂದು ಕೆಸರೋ, ಮರಳೋ, ಬರೀ ಚಿಪ್ಪೋ? ಪುಸ್ತಕದಲ್ಲಿ ಜಾಗದ ಹೆಸರು, ಆಳ, ಬಿಟ್ಟ ಸರಪಳಿ, ಈ ಮಣ್ಣು, ನಾಲ್ಕನ್ನೂ ಬರೆದಿಡಿ. ಆಮೇಲೆ ಲಂಗರು ತೊಳೆದು, ಗುಡ್ಡ ಹರಡಿ, ಶ್ಯಾಕಲ್‌ನ ತಂತಿ ಮುಟ್ಟಿ ನೋಡಿ, ತಡೆಕೊಕ್ಕೆ ಹಾಕಿ. ಅಡ್ಡಪಿನ್ನನ್ನೂ ಹಗ್ಗದ ಕಟ್ಟನ್ನೂ ಬಂದರು ದಾಟಿದ ಮೇಲೆ ಹಾಕಿದರಾಯಿತು.