ಡೀಸೆಲ್ ಕಾರಿಗೆ ಟ್ಯೂನಿಂಗ್ ಬಾಕ್ಸ್: ನನ್ನ ಅನುಭವ

ಟ್ಯೂನಿಂಗ್ ಬಾಕ್ಸ್ ಎಂದರೆ ಪಿಕಪ್ ಹೆಚ್ಚಿಸಲು ಎಂಜಿನ್ನಿನ ವೈರಿಗೆ ಸೇರಿಸುವ ಡಬ್ಬಿ. ಅದನ್ನು ಹಾಕಿದ ಮೇಲೆ ಡ್ಯಾಶ್‌ಬೋರ್ಡ್ ತೋರಿಸುವ ಮೈಲೇಜನ್ನು ನಂಬಬೇಡಿ. ಆ ಡಬ್ಬಿ ಕೆಲಸ ಮಾಡುವುದೇ ಕಾರಿಗೆ ಸುಳ್ಳು ಹೇಳಿ.

ನನ್ನದು ಕಾಮನ್ ರೈಲ್ ಟರ್ಬೊ ಡೀಸೆಲ್. ರೈಲ್ ಎಂದರೆ ಎಲ್ಲ ಸಿಲಿಂಡರುಗಳಿಗೂ ಬೇಕಾದ ಡೀಸೆಲನ್ನು ಒತ್ತಡದಲ್ಲಿ ಹಿಡಿದಿಡುವ ಕೊಳವೆ. ಎಂಜಿನ್ ಪೂರ್ತಿ ದುಡಿಯುವಾಗ ಇಂಥ ಕಾರುಗಳ ರೈಲಿನಲ್ಲಿ 1600 ಬಾರ್, ಕೆಲವದರಲ್ಲಿ ಅದಕ್ಕೂ ಹೆಚ್ಚು ಒತ್ತಡ ಇರುತ್ತದೆ. ಎಷ್ಟಿದೆ ಎಂದು ಅಲ್ಲಿನ ಸೆನ್ಸರ್ ಎಂಜಿನ್ ನಿಯಂತ್ರಿಸುವ ಕಂಪ್ಯೂಟರಾದ ಇಸಿಯುಗೆ ವೋಲ್ಟೇಜ್ ಮೂಲಕ ತಿಳಿಸುತ್ತದೆ. ಬಾಕ್ಸ್ ಇವೆರಡರ ನಡುವೆ ಕೂತು ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಒತ್ತಡ ಸಾಲದು ಅಂದುಕೊಂಡು ಇಸಿಯು ಏರಿಸುತ್ತದೆ. ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಮೊದಲಿನಷ್ಟೇ ಹೊತ್ತು ತೆರೆದರೂ ಡೀಸೆಲ್ ಹೆಚ್ಚು ಬೀಳುತ್ತದೆ. ಆದರೆ ಒತ್ತಡ ಶೇ. 10 ಏರಿದರೆ ಡೀಸೆಲ್ ಏರುವುದು ಸುಮಾರು ಶೇ. 5, ಹರಿವು ಹೆಚ್ಚುವುದು ಒತ್ತಡದ ವರ್ಗಮೂಲದ ಲೆಕ್ಕದಲ್ಲಿ. ಜಾಹೀರಾತುಗಳ ಅಂಕಿ ನೋಡುವಾಗ ಈ ಲೆಕ್ಕ ನೆನಪಿರಲಿ.

ಬಾಕ್ಸ್ ಹಾಕುವ ಮೊದಲು ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್ ಬದಲಿಸಿದೆ. ಟರ್ಬೊದಿಂದ ಬರುವ ಬಿಸಿ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಹೋಸುಗಳನ್ನು ಬೆರಳಿನಿಂದ ತಡವಿ ಬಿರುಕು, ಎಣ್ಣೆ ಜಿನುಗು ಇದೆಯೇ ನೋಡಿದೆ. ಎಷ್ಟೋ ಕಾರುಗಳ ಕಳೆದುಹೋದ ಪಿಕಪ್ ಇಷ್ಟಕ್ಕೇ ವಾಪಸ್ ಬರುತ್ತದೆ, ಬಾಕ್ಸ್ ಬೇಕಾಗುವುದೇ ಇಲ್ಲ. ಆಮೇಲೆ ಖಾಲಿಯಿದ್ದ ಒಂದು ಸಮತಟ್ಟು ರಸ್ತೆಯಲ್ಲಿ ನಾಲ್ಕನೇ ಗೇರಿನಲ್ಲಿ 60ರಿಂದ 100 ಕಿ.ಮೀ. ವೇಗಕ್ಕೆ ಎಷ್ಟು ಸೆಕೆಂಡ್ ಎಂದು ಪಕ್ಕದಲ್ಲಿ ಕೂತವರಿಂದ ಅಳೆಸಿ ಬರೆದಿಟ್ಟೆ.

ಜೋಡಿಸುವುದು ಸುಲಭ. ಎಂಜಿನ್ ಆಫ್ ಮಾಡಿ, ಆರಲು ಬಿಟ್ಟು, ಮೇಲಿನ ಕವರ್ ತೆಗೆದು ಸೆನ್ಸರಿನ ಕನೆಕ್ಟರ್ ಕಳಚಿ ಬಾಕ್ಸಿನ ವೈರನ್ನು ನಡುವೆ ಸೇರಿಸಿದೆ. ಲಾಕ್ 'ಟಕ್' ಅನ್ನುವವರೆಗೆ ಒತ್ತಬೇಕು, ಸಡಿಲವಿದ್ದರೆ ಚೆಕ್ ಎಂಜಿನ್ ಲೈಟ್ ಖಾತ್ರಿ. ಡೀಸೆಲ್ ಪೈಪುಗಳ ನಟ್ಟಿಗೆ ಸ್ಪ್ಯಾನರ್ ತಾಗಿಸಬೇಡಿ. ಆ ಒತ್ತಡದ ಡೀಸೆಲ್ ಚರ್ಮ ಸೀಳಿ ಒಳಹೋಗುತ್ತದೆ. ಬಾಕ್ಸನ್ನು ಟರ್ಬೊ ಬಿಸಿಯಿಂದ ದೂರ, ಬ್ಯಾಟರಿ ಪಕ್ಕ ಕಟ್ಟಿದೆ.

ಕಡಿಮೆ ಸೆಟ್ಟಿಂಗಿನಿಂದ ಶುರುಮಾಡಿದೆ. 1500 ಆರ್‌ಪಿಎಮ್ ಕೆಳಗೆ ಏನೂ ಬದಲಾಗಲಿಲ್ಲ. ಟರ್ಬೊ ಇನ್ನೂ ಗಾಳಿ ತುಂಬಿರದ ಜಾಗ ಅದು, ಡೀಸೆಲ್ ಸುರಿದು ಉಪಯೋಗವಿಲ್ಲ. 1800 ದಾಟಿದ ಮೇಲೆ ಎಳೆತ ಚೆನ್ನಾಗಿ ತಿಳಿಯುತ್ತದೆ; ಏರಿನಲ್ಲಿ ಗೇರ್ ಇಳಿಸುವುದು ಕಡಿಮೆಯಾಯಿತು, ಅದೇ ರಸ್ತೆಯಲ್ಲಿ ಅಳೆದ ಸಮಯವೂ ಇಳಿಯಿತು. ಮೇಲಿನ ಸೆಟ್ಟಿಂಗಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ಕನ್ನಡಿಯಲ್ಲಿ ಕಪ್ಪು ಹೊಗೆ ಕಾಣುತ್ತಿತ್ತು. ಹೊಗೆ ಎಂದರೆ ಗಾಳಿ ಸಾಲದೆ ಅರೆಬರೆ ಉರಿದ ಡೀಸೆಲಿನ ಮಸಿ. ಹೊಗೆಯ ಮಸಿ ಹಿಡಿಯುವ ಫಿಲ್ಟರ್, ಅಂದರೆ ಡಿಪಿಎಫ್ ಇರುವ ಕಾರಿನಲ್ಲಿ ಕಣ್ಣಿಗೆ ಕಾಣದು, ಮಸಿಯೆಲ್ಲ ಅದರೊಳಗೇ ಕಟ್ಟುತ್ತದೆ. ನಾನು ಮತ್ತೆ ಕೆಳಗಿನ ಸೆಟ್ಟಿಂಗಿಗೇ ಬಂದೆ.

ಇನ್ನು ಮೈಲೇಜು. ಬಾಕ್ಸ್ ಹಾಕಿದ ಮೇಲೆ ಡ್ಯಾಶ್‌ಬೋರ್ಡಿನ ಅಂಕಿ ಏರಿತು. ಟ್ಯಾಂಕ್ ತುಂಬಿಸಿ ಓಡಿಸಿ, ಮತ್ತೆ ತುಂಬಿಸಿ ಲೆಕ್ಕ ಹಾಕಿದರೆ ಹೆಚ್ಚುಕಡಿಮೆ ಮೊದಲಿನಷ್ಟೇ. ನಿಜಕ್ಕೂ ಎಷ್ಟು ಡೀಸೆಲ್ ಹೋಯಿತೆಂದು ಇಸಿಯುಗೇ ಗೊತ್ತಿಲ್ಲವಲ್ಲ! ಇಸಿಯುನಿಂದ ಮಾಹಿತಿ ಓದುವ ಓಬಿಡಿ ಸ್ಕ್ಯಾನರ್ ತೋರಿಸುವ ರೈಲ್ ಒತ್ತಡವೂ ಅದೇ ಸುಳ್ಳಿನ ಅಂಕಿ. 'ಸ್ಕ್ಯಾನರಿನಲ್ಲಿ ಎಲ್ಲ ನಾರ್ಮಲ್ ಇದೆ ಸಾರ್' ಎಂದು ಯಾರಾದರೂ ಧೈರ್ಯ ಹೇಳಿದರೆ ಒಪ್ಪಬೇಡಿ.

ವಾರಂಟಿ ಇರುವ ಕಾರಿಗೆ ನಾನಂತೂ ಹಾಕುವುದಿಲ್ಲ, ವಿಮೆ ಕಂಪನಿಗೂ ತಿಳಿಸಬೇಕಾಗುತ್ತದೆ. ಕ್ಲಚ್ ಸವೆದಿದೆಯೇ ಎಂದು ಮೊದಲು ಪರೀಕ್ಷಿಸಿ: ಮೇಲಿನ ಗೇರಿನಲ್ಲಿ ಒಮ್ಮೆಲೇ ಆಕ್ಸಿಲರೇಟರ್ ಒತ್ತಿದಾಗ ಆರ್‌ಪಿಎಮ್ ಜಿಗಿದು ವೇಗ ಅಲ್ಲೇ ನಿಂತರೆ, ಬಾಕ್ಸಿಗೆ ಇಟ್ಟ ದುಡ್ಡನ್ನು ಕ್ಲಚ್ಚಿಗೆ ಹಾಕಿ.