ಉಳಿದ ಹನ್ನೆರಡು ಕುರಿ

ಮನುಷ್ಯರ ಕ್ಲೋನ್ ಬಗ್ಗೆ ಒಂದು ಕಥೆ ಬರೆಯಲು ಎರಡು ವರ್ಷ ಒದ್ದಾಡಿದೆ. ಮೊದಲ ಕರಡಿನಲ್ಲಿ ಗಾಜಿನ ತೊಟ್ಟಿಯಿಂದ ಇಪ್ಪತ್ತೈದರ ಹುಡುಗ ಎದ್ದು ಬರುತ್ತಾನೆ. ಸಾಹುಕಾರನೊಬ್ಬ ಕಿಡ್ನಿಗಾಗಿ ಮಾಡಿಸಿಟ್ಟ ತನ್ನದೇ ನಕಲು ಅವನು. ಕೊನೆಯ ಮೂರು ಪುಟ ಬರೀ ವಾದ, ಕ್ಲೋನಿಗೆ ಆತ್ಮ ಇದೆಯೋ ಇಲ್ಲವೋ ಅಂತ. ಈಗ ಓದಿದರೆ ನನಗೇ ಆಕಳಿಕೆ ಬರುತ್ತದೆ.

ತಪ್ಪು ಎಲ್ಲಿದೆ ಅಂತ ತಿಳಿದದ್ದು ಕುಷ್ಟಗಿ ಹತ್ತಿರದ ನಮ್ಮೂರಿನಲ್ಲಿ, ಮನೆ ಕಟ್ಟೆ ಮೇಲೆ. ಅವ್ವ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು. ನಾನು ಸುಮ್ನೆ ಕ್ಲೋನ್ ಮಾಡಿ ಹುಟ್ಟಿಸಿದ ಡಾಲಿ ಕುರಿಯ ಸುದ್ದಿ ತೆಗೆದೆ. 1996, ಸ್ಕಾಟ್ಲೆಂಡ್. ಒಂದು ಕುರಿಯ ಕೆಚ್ಚಲಿನ ಜೀವಕೋಶ, ಇನ್ನೊಂದರ ಅಂಡಾಣು, ಹೊತ್ತು ಹೆತ್ತದ್ದು ಮೂರನೆಯದು. 277 ಸಲ ಕೂಡಿಸಿದ್ದಕ್ಕೆ 29 ಭ್ರೂಣ ಸಿಕ್ಕವು. ಅವನ್ನು 13 ಕುರಿಗಳ ಗರ್ಭದಲ್ಲಿ ಇಟ್ಟರು. ಹುಟ್ಟಿದ್ದು ಒಂದೇ ಮರಿ.

ಅವ್ವ ಡಾಲಿ ಬಗ್ಗೆ ಕೇಳಲೇ ಇಲ್ಲ. “ಉಳಿದ ಹನ್ನೆರಡು ಕುರಿ ಏನಾದ್ವೋ ಯಪ್ಪಾ?” ಅಂದಳು.

ಅವಳು ವರ್ಷಗಟ್ಟಲೆ ಹತ್ತಿಬೀಜದ ಪ್ಲಾಟಿಗೆ ಕ್ರಾಸಿಂಗ್ ಕೆಲಸಕ್ಕೆ ಹೋದವಳು. ಸಂಜೆ ಮೊಗ್ಗು ಬಿಡಿಸಿ ಒಳಗಿನ ಗಂಡು ಭಾಗವನ್ನು ಉಗುರಿನಿಂದ ತೆಗೆಯಬೇಕು. ಬೆಳಗ್ಗೆ ಗಂಡು ಹೂ ತಂದು ಮೆಲ್ಲಗೆ ಒರೆಸಬೇಕು. ಉಗುರು ಜಾಸ್ತಿ ತಾಗಿದರೆ ಮೊಗ್ಗು ಉದುರುತ್ತದೆ. ಬೀಜದ ಪಾಕೀಟಿನ ಮೇಲೆ ಅವ್ವನ ಹೆಸರೇನೂ ಇರುವುದಿಲ್ಲ, ಅಲ್ವಾ?

ಬಸುರಿಯನ್ನು ಬರೆಯುವುದು ತಪ್ಪಲಿ ಅಂತಲೇ ನಾನು ಗಾಜಿನ ತೊಟ್ಟಿ ಇಟ್ಟಿದ್ದೆ. ಅದನ್ನು ತೆಗೆದ ಕೂಡಲೇ ಲೆಕ್ಕ ಎದುರಿಗೆ ಬಂತು. ಒಬ್ಬ ಸಾಹುಕಾರನ ನಕಲಿಗೆ ಎಷ್ಟು ಹೆಂಗಸರ ಗರ್ಭ ಬೇಕು? ನಕಲು ಅಂದರೂ ಹುಟ್ಟುವುದು ಹಸುಗೂಸೇ. ಕಿಡ್ನಿ ಬಲಿಯುವವರೆಗೆ ಅದಕ್ಕೆ ಉಣ್ಣಿಸುವವರು ಯಾರು? ಉಣ್ಣಿಸಿದ ಕೈ ಅದನ್ನು ಆಪರೇಷನ್ ಮೇಜಿಗೆ ಬಿಟ್ಟುಕೊಡುತ್ತದೆಯೇ? ಆತ್ಮದ ವಾದಕ್ಕಿಂತ ಇವೇ ನನ್ನನ್ನು ಜಾಸ್ತಿ ಕಾಡಿದವು.

ಹೊಸ ಕರಡು 2070ರದು. ಹಣಕ್ಕಾಗಿ ಗರ್ಭ ಬಾಡಿಗೆಗೆ ಕೊಡುವುದನ್ನು ನಮ್ಮಲ್ಲಿ 2021ರ ಕಾನೂನು ನಿಷೇಧಿಸಿದೆ. ಕಥೆಯಲ್ಲಿ ಅದಕ್ಕೆ ಒಂದೇ ಸಾಲಿನ ತಿದ್ದುಪಡಿ ಬಂದಿದೆ, ಅಷ್ಟೇ. ಕಥೆ ಹೇಳುವವಳು ಬಸಿರು ನಿಲ್ಲದ ಹನ್ನೆರಡು ಜನರಲ್ಲಿ ಒಬ್ಬಳು.

ಸಂಪಾದಕರೊಬ್ಬರು ವಾಪಸ್ ಕಳಿಸಿದರು, “ಇದರಲ್ಲಿ ಕ್ಲೋನ್ ಎಲ್ಲಿದ್ದಾನೆ?” ಅಂತ. ಇದ್ದಾನೆ, ಆಸ್ಪತ್ರೆಯ ಮೇಲಿನ ಮಹಡಿಯಲ್ಲಿ. ಒಮ್ಮೆ ಅಳುವುದು ಕೇಳಿಸುತ್ತದೆ. ಕಥೆ ಹೇಳುವವಳು ಆಗಲೇ ಊರಿನ ಬಸ್ಸು ಹತ್ತಿ, ಕೊಟ್ಟ ದುಡ್ಡು ಎಣಿಸುತ್ತಿದ್ದಾಳೆ. ಅರ್ಧ ಮುರಿದುಕೊಂಡಿದ್ದಾರೆ.