ವಾರದ ಮೀಟಿಂಗ್ ಸಮಯ ಬದಲಿಸುವಾಗ ಹಿಂದಿನದ್ದು ಕದಲದಂತೆ ನೋಡಿಕೊಳ್ಳುವುದು: ನನ್ನ ಅನುಭವ

ವಾರವಾರದ ಮೀಟಿಂಗ್ ಕ್ಯಾಲೆಂಡರಿನಲ್ಲಿ ಐವತ್ತು ಕಡೆ ಕಂಡರೂ ಒಳಗಿರುವುದು ಸಾಮಾನ್ಯವಾಗಿ ಒಂದೇ ದಾಖಲೆ: ಶುರುವಾದ ದಿನ, ಸಮಯ, ‘ಪ್ರತಿ ಸೋಮವಾರ’ ಎಂಬ ನಿಯಮ. ಮೂಲದಲ್ಲಿ ಸಮಯ ತಿದ್ದಿದರೆ ಕಳೆದ ವರ್ಷದ ಮೀಟಿಂಗೂ ಜಾಗ ಬಿಡುತ್ತದೆ. ಟೈಮ್‌ಶೀಟ್, ಬಿಲ್ಲಿಂಗ್‌ಗೆ ಕ್ಯಾಲೆಂಡರನ್ನೇ ನೆಚ್ಚಿದವರಿಗೆ ಇದು ದೊಡ್ಡ ತಲೆನೋವು. ಹಾಗಾಗಿ ಹಳೆಯ ಸರಣಿಗೆ ಕೊನೆಯ ದಿನ ಹಾಕಿ, ಮುಂದಿನ ವಾರದಿಂದ ಹೊಸದನ್ನು ಶುರುಮಾಡುತ್ತೇನೆ.

ಸೋಮವಾರ 10 ಗಂಟೆಯ ಮೀಟಿಂಗ್ 2026ರ ಜುಲೈ 6ರಿಂದ 11:30ಕ್ಕೆ ಹೋಗಬೇಕು ಅಂದುಕೊಳ್ಳಿ. ಗೂಗಲ್ ಕ್ಯಾಲೆಂಡರಿನಲ್ಲಿ ಜುಲೈ 6ರ ಪೆಟ್ಟಿಗೆಯನ್ನೇ ತೆರೆದು ಸಮಯ ಬದಲಿಸಿ, ಸೇವ್ ಒತ್ತಿದಾಗ ‘ದಿಸ್ ಆ್ಯಂಡ್ ಫಾಲೋಯಿಂಗ್ ಈವೆಂಟ್ಸ್’ ಆರಿಸಬೇಕು. ತೆರೆದ ಪೆಟ್ಟಿಗೆಯಿಂದಲೇ ಸರಣಿ ತುಂಡಾಗುತ್ತದೆ. ತಪ್ಪು ವಾರ ತೆರೆದರೆ ತಪ್ಪು ಕಡೆ ಕತ್ತರಿ. ‘ಆಲ್ ಈವೆಂಟ್ಸ್’ ಕಡೆ ಕೈ ಹಾಕಬೇಡಿ.

ಕತ್ತರಿಸುವ ಮೊದಲು ಮುಂದಿನ ವಾರಗಳನ್ನೊಮ್ಮೆ ಕಣ್ಣಾಡಿಸಿ. ಜುಲೈ 20ರದ್ದನ್ನು ಮೊದಲೇ 21ಕ್ಕೆ ಸರಿಸಿದ್ದರೆ, ಸರಣಿ ತುಂಡಾದ ಮೇಲೆ ಆ ಬದಲಾವಣೆ ಅಳಿಸಿ ಮತ್ತೆ 20ಕ್ಕೇ ಬಂದು ಕೂರಬಹುದು. ಇಂಥವನ್ನು ಬರೆದಿಟ್ಟುಕೊಂಡು ಆಮೇಲೆ ಮತ್ತೆ ಸರಿಸಬೇಕು. ಸೆಟ್ಟಿಂಗ್ಸ್‌ನಿಂದ ಎಕ್ಸ್‌ಪೋರ್ಟ್ ಮಾಡಿ ಪ್ರತಿ ಇಟ್ಟುಕೊಳ್ಳುವುದೂ ಒಳ್ಳೆಯದು. ಇದಕ್ಕೆ ಮೊಬೈಲ್ ಸಾಲದು, ಕಂಪ್ಯೂಟರ್ ಬೇಕು.

ಹಳೆಯ ಡೆಸ್ಕ್‌ಟಾಪ್ ಔಟ್‌ಲುಕ್‌ನಲ್ಲಿ ಹೀಗೆ ಸರಣಿಯನ್ನು ನಡುವೆ ಕತ್ತರಿಸುವ ಸೌಕರ್ಯವಿಲ್ಲ. ಅಲ್ಲಿ ಸರಣಿಯ ಸಮಯ ಮುಟ್ಟಿದರೆ ಬಿಡಿಬಿಡಿಯಾಗಿ ಬದಲಿಸಿದ್ದೆಲ್ಲ ಹೋಗುತ್ತದೆ. ಸರಣಿ ತೆರೆದು, ‘ರಿಕರೆನ್ಸ್’ನಲ್ಲಿ ‘ಎಂಡ್ ಬೈ’ ಜೂನ್ 29 ಎಂದು ಹಾಕಿ, ಎಲ್ಲರಿಗೂ ಅಪ್‌ಡೇಟ್ ಕಳಿಸಿ. ಡಿಲೀಟ್ ಒತ್ತಿದರೆ ಹಿಂದಿನ ಮೀಟಿಂಗ್‌ಗಳೂ ಕ್ಯಾಲೆಂಡರಿನಿಂದ ಮಾಯ. ಆಮೇಲೆ ಹೊಸ ಸರಣಿ ಮಾಡಿ. ಅದರ ಟೀಮ್ಸ್ ಲಿಂಕ್ ಬೇರೆಯಾಗಿರುತ್ತದೆ, ರೂಮನ್ನೂ ಹೊಸದಾಗಿ ಬುಕ್ ಮಾಡಬೇಕು. 11:30ಕ್ಕೆ ಆ ರೂಮು ಕೆಲವು ವಾರ ಬೇರೆಯವರ ಪಾಲಾಗಿರಬಹುದು. ಜಗಳ ಹುಟ್ಟುವುದು ಹೆಚ್ಚಾಗಿ ಇಲ್ಲೇ. ಇದೆಲ್ಲ ಮೀಟಿಂಗ್ ಕರೆದವರ ಖಾತೆಯಿಂದಲೇ ಆಗಬೇಕು.

ಪ್ರೋಗ್ರಾಮ್ ಬರೆದು ಮಾಡುವವರಿಗೆ ಗುಂಡಿ ತೋಡುವುದು ‘ಅನ್‌ಟಿಲ್’, ಅಂದರೆ ಸರಣಿ ಯಾವಾಗಿನವರೆಗೆ ಎಂದು ಹೇಳುವ ಭಾಗ. ಕ್ಯಾಲೆಂಡರ್ ಮಾಹಿತಿ ಬರೆಯುವ ಮಾನದಂಡವಾದ 2009ರ ಆರ್‌ಎಫ್‌ಸಿ 5545 ಪ್ರಕಾರ, ಟೈಮ್‌ಝೋನ್ ಸಮೇತ ಶುರುವಾದ ಸರಣಿಯ ಕೊನೆಯನ್ನು ಯುಟಿಸಿಯಲ್ಲಿ (ಜಾಗತಿಕ ಪ್ರಮಾಣ ಸಮಯದಲ್ಲಿ) ಬರೆಯಬೇಕು. ನಮ್ಮ ಬೆಳಗಿನ 10 ಅಲ್ಲಿ 04:30. ಜೂನ್ 29, 00:00 ಎಂದು ಬರೆದರೆ 29ರ ಮೀಟಿಂಗೇ ಬಿದ್ದುಹೋಗುತ್ತದೆ. 04:30 ಎಂದೇ ಬರೆದರೆ ಅದು ಉಳಿಯುತ್ತದೆ, ಏಕೆಂದರೆ ಆ ಕ್ಷಣವೂ ಲೆಕ್ಕಕ್ಕೆ ಸೇರಿದ್ದು. ಸರಣಿಗೆ ಕೊನೆಯ ದಿನದ ಬದಲು ‘ಒಟ್ಟು 10 ಸಲ’ ಎಂಬ ಎಣಿಕೆಯಿದ್ದು 4 ಮುಗಿದಿದ್ದರೆ, ಹೊಸದಕ್ಕೆ 6 ಕೊಡಿ. ಹದಿನೈದು ದಿನಕ್ಕೊಮ್ಮೆ ಬರುವುದಾದರೆ ಹೊಸ ಸರಣಿ ಸರಿಯಾದ ವಾರದಿಂದಲೇ ಶುರುವಾಗಿದೆಯೇ ನೋಡಿ.

ಕ್ಯಾಲಿಫೋರ್ನಿಯಾದವರು ಕರೆದ ಬೆಳಗಿನ 8:30ರ ಮೀಟಿಂಗ್ ಬೆಂಗಳೂರಿನಲ್ಲಿ ಅವರ ಬೇಸಿಗೆಗೆ ರಾತ್ರಿ 9, ಅಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ತಿರುಗಿಸುವ ನವೆಂಬರ್ ಮೊದಲ ಭಾನುವಾರದ ನಂತರ 10 ಆಗುತ್ತದೆ. ಇದಕ್ಕೆ ವರ್ಷಕ್ಕೆರಡು ಸಲ ಸರಣಿ ಕತ್ತರಿಸುತ್ತ ಕೂರುವುದು ವ್ಯರ್ಥ ಕೆಲಸ. ಒಮ್ಮೆ ಕತ್ತರಿಸಿ, ಹೊಸ ಸರಣಿಯ ಟೈಮ್‌ಝೋನನ್ನೇ ಭಾರತದ್ದಕ್ಕೆ ಬದಲಿಸಲು ಕರೆದವರಿಗೆ ಹೇಳಿ. ಆಗ ಗಂಟೆ ಹಿಂದೆಮುಂದಾಗುವುದು ಅವರ ಕಡೆ.